ಕಡಲ್ಗಳ್ಳನೆಂದು ಬರೆದವರು ಯಾರು?

ಕಡಲ್ಗಳ್ಳರ ಬಗ್ಗೆ ಹುಡುಕಿ ಎಂದು ಎಂಟನೇ ತರಗತಿಯ ಮಕ್ಕಳನ್ನು ಕಂಪ್ಯೂಟರ್ ಮುಂದೆ ಕೂರಿಸಿದರೆ ಮೊದಲು ಬರುವುದು ಒಂದೇ ಬಗೆಯ ಚಿತ್ರ. ಕಣ್ಣಿಗೆ ಕಪ್ಪು ಪಟ್ಟಿ, ಹೆಗಲ ಮೇಲೆ ಗಿಳಿ, ಮರದ ಕಾಲು, ನಿಧಿ ಹೂತಿಟ್ಟ ಜಾಗದ ನಕಾಶೆ. ಇವು ಬಹುಮಟ್ಟಿಗೆ 1883ರಲ್ಲಿ ಪುಸ್ತಕವಾಗಿ ಬಂದ ಸ್ಟೀವನ್‌ಸನ್ನನ ‘ಟ್ರೆಷರ್ ಐಲ್ಯಾಂಡ್’ ಕಾದಂಬರಿಯಿಂದ, ಆಮೇಲೆ ಸಿನಿಮಾಗಳಿಂದ ಹರಡಿದವು. ಅವನ್ನೆಲ್ಲ ಕಣ್ತುಂಬ ನೋಡಲು ಬಿಡುತ್ತೇನೆ. ನಂತರ ಹೇಳುತ್ತೇನೆ: ಈಗ ಅದರ ಪಕ್ಕದಲ್ಲಿ ಕಾರವಾರ ಅಂತ ಸೇರಿಸಿ ಹುಡುಕಿ.

ನಾನು ಹೊನ್ನಾವರ ಸೀಮೆಯಲ್ಲಿ ಸಮಾಜ ವಿಜ್ಞಾನ ಕಲಿಸುವವಳು. ನನ್ನ ತರಗತಿಯ ಎಷ್ಟೋ ಮಕ್ಕಳ ಮನೆಯಲ್ಲಿ ಬೋಟಿಗೆ ಹೋಗುವವರಿದ್ದಾರೆ. ಗಾಳಿ, ಉಬ್ಬರ, ಅಳಿವೆಬಾಯಿಯ ಮರಳುದಿಬ್ಬ ಇವೆಲ್ಲ ನನಗಿಂತ ಅವರಿಗೆ ಚೆನ್ನಾಗಿ ಗೊತ್ತು. ಆದರೆ ಕಡಲಿನ ಚರಿತ್ರೆ ಎಂದರೆ ಎಲ್ಲೋ ದೂರದ ಕೆರಿಬಿಯನ್ನಿನದು ಎಂದೇ ಅವರು ತಿಳಿದಿರುತ್ತಾರೆ. ಅದು ನನ್ನಿಂದ ಸಹಿಸಲಾಗದ ಸಂಗತಿ.

ಕಾರವಾರದ ಜೊತೆ ಸಿಗುವವನು ವಿಲಿಯಂ ಕಿಡ್, ಪ್ರಪಂಚದ ಅತಿ ಹೆಸರುವಾಸಿ ಕಡಲ್ಗಳ್ಳರಲ್ಲಿ ಒಬ್ಬ. ಅವನು ಹೊರಟದ್ದು ಕಳ್ಳನಾಗಿ ಅಲ್ಲ. ಕಡಲ್ಗಳ್ಳರನ್ನೂ ಫ್ರೆಂಚ್ ಹಡಗುಗಳನ್ನೂ ಹಿಡಿಯಲು ಇಂಗ್ಲೆಂಡಿನ ರಾಜ ಮೂರನೇ ವಿಲಿಯಂನ ಅಪ್ಪಣೆಪತ್ರ ಪಡೆದು, 1696ರಲ್ಲಿ ‘ಅಡ್ವೆಂಚರ್ ಗ್ಯಾಲಿ’ ಎಂಬ 34 ಫಿರಂಗಿಗಳ ಹಡಗಿನಲ್ಲಿ ಹೊರಟ. ದೊಡ್ಡ ದೊಡ್ಡ ಶ್ರೀಮಂತರು ಬಂಡವಾಳ ಹಾಕಿದ್ದರು. ಹಿಡಿಯಲು ಏನೂ ಸಿಗಲಿಲ್ಲ, ಆಳುಗಳಿಗೆ ಸಂಬಳವಿಲ್ಲ, ಲೂಟಿಯಲ್ಲಿ ಪಾಲು ಮಾತ್ರ. 1697ರ ಆಗಸ್ಟಿನಲ್ಲಿ ಕೆಂಪು ಸಮುದ್ರದ ಬಾಯಲ್ಲಿ ಯಾತ್ರಿಕರ ಹಡಗುಗಳ ಮೇಲೆ ಬೀಳಲು ಹೋಗಿ, ಕಾವಲಿಗಿದ್ದ ಈಸ್ಟ್ ಇಂಡಿಯಾ ಕಂಪನಿಯ ಹಡಗಿನಿಂದ ಹಿಮ್ಮೆಟ್ಟಿದ. ಸೆಪ್ಟೆಂಬರಿನಲ್ಲಿ ಸೌದೆ, ಸಿಹಿನೀರು ತುಂಬಿಸಿಕೊಳ್ಳಲು ಕಾರವಾರಕ್ಕೆ ಬಂದ. ಅಲ್ಲಿ ಇಂಗ್ಲಿಷರ ಕೋಠಿ ಇತ್ತು. ದಾರಿಯಲ್ಲಿ ದೋಚಿದ ಸಣ್ಣ ಹಡಗೊಂದರ ನಾಯಕ ಆಗ ಕಿಡ್‌ನ ಹಡಗಿನ ತಳದಲ್ಲೇ ಸೆರೆಯಲ್ಲಿದ್ದ. ಕೋಠಿಯವರು ಬಂದು ಕೇಳಿದರೆ, ಅಂಥವನು ಇಲ್ಲಿಲ್ಲ ಎಂದ.

ಕಾರವಾರದಲ್ಲಿ ಕೆಲವರು ಹಡಗು ಬಿಟ್ಟು ಹೋದರು. ಅವರಲ್ಲೊಬ್ಬ ಬೆಂಜಮಿನ್ ಫ್ರ್ಯಾಂಕ್ಸ್, ರತ್ನದ ವ್ಯಾಪಾರಿ. ಅದೇ ಅಕ್ಟೋಬರಿನಲ್ಲಿ ಅವನು ಬೊಂಬಾಯಿಯಲ್ಲಿ ಕೊಟ್ಟ ಹೇಳಿಕೆ ಅಚ್ಚಾಗಿದೆ, ಅಂತರ್ಜಾಲದಲ್ಲಿ ಪುಕ್ಕಟೆ ಓದಲು ಸಿಗುತ್ತದೆ. ನಾನು ಅದನ್ನು ಸಣ್ಣ ತುಂಡುಗಳಾಗಿ ಕನ್ನಡಕ್ಕೆ ಮಾಡಿ, ಪಕ್ಕದಲ್ಲಿ ಮೂಲವನ್ನೂ ಇಟ್ಟು ಓದಿಸುತ್ತೇನೆ. ಓದಿದ ಮೇಲೆ ನನ್ನದು ಒಂದೇ ಪ್ರಶ್ನೆ: ಇದನ್ನು ಹೇಳಿದವನು ಯಾರು, ಯಾರೆದುರು, ಅವನಿಗೇನು ಬೇಕಿತ್ತು? “ಹಡಗು ಬಿಟ್ಟು ಬಂದವ ತಾನು ಕದ್ದಿಲ್ಲ ಅಂತಲೇ ಹೇಳ್ಬೇಕಲ್ಲ ಅಕ್ಕೋರೆ” ಎಂದಳು ಒಬ್ಬ ಹುಡುಗಿ. ಆ ಒಂದು ಮಾತಿಗೆ ನಾನು ಇಡೀ ಘಟಕದ ಅಂಕ ಕೊಟ್ಟೇನು.

1698ರ ಜನವರಿ 30ರಂದು ಕೊಚ್ಚಿಯ ಆಚೆ ಕಿಡ್ ಹಿಡಿದದ್ದು ‘ಕ್ವೆಡಾ ಮರ್ಚೆಂಟ್’. ಆರ್ಮೇನಿಯನ್ ವರ್ತಕರ ರೇಷ್ಮೆ, ಮಸ್ಲಿನ್, ಸಕ್ಕರೆ, ಕಬ್ಬಿಣ ಅದರಲ್ಲಿತ್ತು. ಹಡಗಿನವರ ಬಳಿ ಫ್ರೆಂಚರ ರಹದಾರಿ ಇತ್ತು. ಹಾಗಾದರೆ ಅದು ನ್ಯಾಯವಾದ ಬೇಟೆ ಎಂಬುದು ಕಿಡ್‌ನ ವಾದ. ಮುಂದೆ ಅವನು ಸೆರೆಸಿಕ್ಕಿ ಲಂಡನ್ನಿನಲ್ಲಿ ವಿಚಾರಣೆ ನಡೆದಾಗ ಆ ರಹದಾರಿ ಪತ್ರಗಳು ನ್ಯಾಯಾಲಯದ ಮುಂದೆ ಬರಲೇ ಇಲ್ಲ. 1701ರ ಮೇ 23ರಂದು ಅವನನ್ನು ಗಲ್ಲಿಗೇರಿಸಿದರು. ಪತ್ರಗಳು ಇಪ್ಪತ್ತನೇ ಶತಮಾನದ ಆರಂಭದಲ್ಲಿ ಲಂಡನ್ನಿನ ಸರ್ಕಾರಿ ದಫ್ತರಗಳ ನಡುವೆ ಸಿಕ್ಕವು. ಅಷ್ಟರಿಂದ ಕಿಡ್ ನಿರಪರಾಧಿಯಾಗುವುದಿಲ್ಲ. ತನ್ನ ತೋಪುಗಾರ ವಿಲಿಯಂ ಮೂರ್‌ನನ್ನು ಬಕೆಟ್ಟಿನಿಂದ ಹೊಡೆದು ಕೊಂದ ಆರೋಪವೂ ಅವನ ಮೇಲೆ ಸಾಬೀತಾಗಿತ್ತು. ಆದರೆ ಒಂದು ಕಾಗದ ಮೇಜಿನ ಮೇಲಿದ್ದರೆ ಒಂದು ತೀರ್ಪು, ಇಲ್ಲದಿದ್ದರೆ ಇನ್ನೊಂದು ಆಗಬಹುದಿತ್ತೇ ಎಂದು ಮಕ್ಕಳು ಗಂಟೆಗಟ್ಟಲೆ ವಾದಿಸುತ್ತಾರೆ. ವಾದಿಸಲಿ.

ಇದಕ್ಕಿಂತ ನನಗೆ ಹತ್ತಿರದ್ದು ಇಬ್ನ್ ಬತೂತನ ಕಥೆ. 1340ರ ದಶಕದಲ್ಲಿ ಹೊನ್ನಾವರಕ್ಕೆ ಬಂದ ಆ ಮೊರಾಕ್ಕೊ ಪ್ರವಾಸಿ ಇಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆಗಳಿದ್ದವು ಎಂದು ಬರೆದಿದ್ದಾನೆ. ಹುಡುಗಿಯರು ಆ ಸಾಲನ್ನು ಮತ್ತೆ ಮತ್ತೆ ಓದಿಸಿಕೊಳ್ಳುತ್ತಾರೆ. ಅವನು ಮುಂದೆ ಮಧುರೆಯ ಕಡೆಗೆಲ್ಲ ಸುತ್ತಿ, ಕೊಲ್ಲಂನಿಂದ ಮತ್ತೆ ಹೊನ್ನಾವರಕ್ಕೆ ಬರುವಾಗ, ಬಾರಕೂರಿಗೂ ಹೊನ್ನಾವರಕ್ಕೂ ನಡುವಿನ ಒಂದು ಸಣ್ಣ ದ್ವೀಪದ ಬಳಿ 12 ಯುದ್ಧನೌಕೆಗಳು ಸುತ್ತುವರಿದವು. ಸಿಂಹಳದ ರಾಜ ಕೊಟ್ಟ ರತ್ನಗಳು, ಬಟ್ಟೆಬರೆ ಎಲ್ಲ ಹೋಯಿತು. ಉಳಿದದ್ದು ಉಟ್ಟ ಷರಾಯಿ. ಬುಖಾರಾದ ವಿದ್ವಾಂಸರ ಗೋರಿಗಳ ಮೇಲಿನ ಬರಹಗಳನ್ನು ಅವನು ನಕಲು ಮಾಡಿಟ್ಟುಕೊಂಡಿದ್ದ. ಆ ಹಾಳೆಗಳೂ ಹೋದವು. ರತ್ನಕ್ಕಿಂತ ಆ ಹಾಳೆಗಳಿಗೆ ನನ್ನ ಹೊಟ್ಟೆ ಹೆಚ್ಚು ಉರಿಯುತ್ತದೆ.

ದ್ವೀಪದ ಹೆಸರನ್ನು ಅವನು ಹೇಳಿಲ್ಲ. ಮುರುಡೇಶ್ವರದ ಎದುರಿನ ನೇತ್ರಾಣಿಯೇ ಇರಬೇಕು ಎಂದು ತರಗತಿ ಒಕ್ಕೊರಲಿನಿಂದ ಕೂಗುತ್ತದೆ. ಇರಬಹುದು ಎಂದು ಪೆನ್ಸಿಲ್ಲಿನಲ್ಲಿ ಬರೆಯಿರಿ, ಪೆನ್ನಿನಲ್ಲಿ ಬೇಡ ಎನ್ನುತ್ತೇನೆ.

ಇಬ್ನ್ ಬತೂತನ ಅದೇ ಪ್ರವಾಸಕಥನದಲ್ಲಿ ಬಾರಕೂರಿನ ಮಾತು ಬರುತ್ತದೆ. ಅಲ್ಲಿನ ಅರಸನಿಗೆ ಸುಮಾರು 30 ಯುದ್ಧನೌಕೆಗಳು. ಅವುಗಳ ಮುಖ್ಯಸ್ಥ ಲೂಲಾ ಎಂಬವನು ವರ್ತಕರನ್ನು ದೋಚುವ ದುಷ್ಟ. ಆದರೆ ಕೂಡಲೇ ಇನ್ನೊಂದು ವಿಷಯ: ಊರಿನ ಮುಂದೆ ಹಾಯುವ ಪ್ರತಿ ಹಡಗೂ ಲಂಗರು ಹಾಕಿ ಅರಸನಿಗೆ ಕಾಣಿಕೆ ಕೊಡಬೇಕು, ಅದು ಬಂದರಿನ ಹಕ್ಕು. ಕೊಡದೆ ಹೋದವರನ್ನು ಅಟ್ಟಿಸಿಕೊಂಡು ಹೋಗಿ ಎಳೆತಂದು ಸುಂಕವನ್ನು ಇಮ್ಮಡಿ ಮಾಡುತ್ತಾರೆ. ಇದೇ ಬಾರಕೂರಿನ ಅರಸ ಇಬ್ನ್ ಬತೂತನಿಗೆ ಮೂರು ದಿನ ಆತಿಥ್ಯ ಮಾಡಿದ, ನಂಬಿಕೆಗಾಗಿ ಮಗನನ್ನೇ ಹಡಗಿಗೆ ಒತ್ತೆಯಾಗಿ ಕಳಿಸಿದ್ದ. ಅಂದರೆ ಒಂದೇ ನೌಕೆ ಬಂದರಿನವರಿಗೆ ಸುಂಕದ ಕಟ್ಟೆ, ಹಾಯುವವರಿಗೆ ದರೋಡೆ. ಕರಾವಳಿಯ ಈ ಚರಿತ್ರೆಯಲ್ಲಿ ಮಕ್ಕಳು ಹಿಡಿಯಬೇಕಾದ ಎಳೆ ಇದು ಎಂದು ನಾನು ಬಲವಾಗಿ ನಂಬಿದ್ದೇನೆ.

ನಮ್ಮೂರಿನ ತಿಮ್ಮೋಜನಲ್ಲಿ ಅದು ಇನ್ನೂ ಸ್ಪಷ್ಟ. 1498ರಲ್ಲಿ ಅಂಜದೀವ ದ್ವೀಪದ ಬಳಿ ವಾಸ್ಕೋ ಡ ಗಾಮನ ಹಡಗುಗಳ ಹತ್ತಿರ ಸುಳಿದವನೆಂದು ಪೋರ್ಚುಗೀಸ್ ಚರಿತ್ರಕಾರರು ಅವನನ್ನು ಕಡಲ್ಗಳ್ಳ ಎಂದರು. 1505ರಲ್ಲಿ ಪೋರ್ಚುಗೀಸ್ ವೈಸರಾಯ್ ಅಲ್ಮೇಡಾ ಹೊನ್ನಾವರಕ್ಕೆ ಬಂದು ಹಡಗುಗಳಿಗೆ ಬೆಂಕಿಯಿಟ್ಟ. ಸಂಧಿಗೆ ಮುಂದೆ ಬಂದವನು ಇದೇ ತಿಮ್ಮೋಜ. 1510ರಲ್ಲಿ ಗೋವೆಯ ಮೇಲೆ ಹೋಗು ಎಂದು ಪೋರ್ಚುಗೀಸ್ ಗವರ್ನರ್ ಅಲ್ಬುಕರ್ಕನಿಗೆ ಸೂಚಿಸಿದವನೂ ಅವನೇ. ಆಗ ಅದೇ ಬರಹಗಾರರಿಗೆ ಅವನು ಮಿತ್ರ, ಅಧಿಕಾರಿ. ಮರಾಠರ ನೌಕಾಧಿಪತಿ ಕಾನ್ಹೋಜಿ ಆಂಗ್ರೆಯೂ ಇಂಗ್ಲಿಷರ ಕಾಗದಗಳಲ್ಲಿ ಕಡಲ್ಗಳ್ಳ. ಇಂದು ಮುಂಬಯಿಯ ನೌಕಾನೆಲೆಗೆ ಅವನ ಹೆಸರಿದೆ.

ಲೂಲಾ ಆಗಲಿ, ತಿಮ್ಮೋಜ ಆಗಲಿ, ತಮ್ಮ ಮಾತು ಬರೆದಿಟ್ಟ ಕಾಗದ ನಮ್ಮ ಕೈಯಲ್ಲಿಲ್ಲ. ಕನ್ನಡದ ಕಡೆಯಿಂದ ಇರುವುದು ಶಾಸನಗಳು. ಆದ್ದರಿಂದ ಈ ವರ್ಷ ಹುಡುಕಾಟವನ್ನು ಅತ್ತ ತಿರುಗಿಸಿದ್ದೇನೆ. ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ 7ನೇ ಸಂಪುಟ ಅಂತರ್ಜಾಲದಲ್ಲಿದೆ, ಬಾರಕೂರಿನ ಶಾಸನಗಳು ಅದರಲ್ಲಿ ಕನ್ನಡ ಲಿಪಿಯಲ್ಲೇ ಅಚ್ಚಾಗಿವೆ. ಮಕ್ಕಳು ಆ ಊರಿನ ಮೂಡುಕೇರಿ, ಚೌಳಿಕೇರಿ, ಮಣಿಗಾರಕೇರಿಗಳನ್ನು ಗುರುತಿಸಿ, ದಾನ ಕೊಟ್ಟವರು ಯಾರು, ಸಾಕ್ಷಿಗೆ ನಿಂತ ವರ್ತಕರು ಯಾರು ಎಂದು ಪಟ್ಟಿ ಮಾಡುತ್ತಿದ್ದಾರೆ. ಬಂದರಿನ ಸುಂಕದ ಮಾತು ಎಲ್ಲಿ ಬಂದರೂ ಅದನ್ನು ಕೆಂಪು ಗೆರೆ ಎಳೆದು ನನಗೆ ತಂದು ತೋರಿಸಬೇಕು.