‘ಗರ್ನಾಲು’: ಒಂದು ಸಿಡಿಮದ್ದಿನ ಪದದ ವ್ಯುತ್ಪತ್ತಿ ವಿಚಾರ

ಕರಾವಳಿಯ ಕನ್ನಡದಲ್ಲಿಯೂ ತುಳುವಿನಲ್ಲಿಯೂ ‘ಗರ್ನಾಲು’ ಎಂದರೆ ಬತ್ತಿಗೆ ಬೆಂಕಿ ತಗುಲಿಸಿ ಎಸೆಯುವ ಅಥವಾ ನೆಲದಲ್ಲಿಟ್ಟು ಸಿಡಿಸುವ, ಭಾರಿ ಸದ್ದಿನ ಸಿಡಿಮದ್ದು. ಜಾತ್ರೆ, ನೇಮಗಳಲ್ಲಿ ಅದು ಸಂಭ್ರಮದ ಅಂಗ. ಘಟ್ಟದ ತಪ್ಪಲಿನ ತೋಟಗಳಲ್ಲಿ ಕಾಡಾನೆಗಳನ್ನು ಬೆದರಿಸುವ ಸಾಧನ. ಈ ಪದವನ್ನು ‘ನಾಳ’ (ಕೊಳವೆ) ಶಬ್ದದಿಂದ ಸಾಧಿಸಬೇಕೆ, ಪೋರ್ಚುಗೀಸಿನ ‘ಗ್ರನಾದ’ದಿಂದಲೆ ಎಂಬುದು ಇಲ್ಲಿಯ ಪ್ರಶ್ನೆ.

ಮೊದಲನೆಯ ಪಕ್ಷಕ್ಕೆ ಆಧಾರವಿಲ್ಲದಿಲ್ಲ. 16ನೆಯ ಶತಮಾನದ ‘ಐನ್-ಇ-ಅಕ್ಬರಿ’ಯಲ್ಲಿ ‘ಗಜನಾಲ್’, ‘ನರನಾಲ್’ ಎಂಬ ತೋಪುಗಳ ಹೆಸರುಗಳಿವೆ. ಮರಾಠಿಯ ‘ಗರನಾಳ’ವೂ ಅಗಲಬಾಯಿಯ ತೋಪೇ. ಆದರೆ ಆ ಸಮಾಸಗಳ ಪೂರ್ವಪದ ತೋಪನ್ನು ಹೊರುವವರನ್ನು, ಅಂದರೆ ಆನೆಯನ್ನೋ ಮನುಷ್ಯನನ್ನೋ, ಸೂಚಿಸುತ್ತದೆ. ‘ಗರ’ಕ್ಕೆ ಅಂತಹ ಅರ್ಥವಿಲ್ಲ. ಮೇಲಾಗಿ, ಕರಾವಳಿಯಲ್ಲಿ ಕಬ್ಬಿಣದ ಕೊಳವೆಗೆ ಮದ್ದು ತುಂಬಿ ಸಿಡಿಸುವುದಕ್ಕೆ ‘ಕದೊನಿ’ ಎಂಬ ಬೇರೆಯೇ ಹೆಸರಿದೆ.

ಎರಡನೆಯ ಪಕ್ಷಕ್ಕೆ ಧ್ವನಿರೂಪದ ಬೆಂಬಲವಿದೆ. ಪೋರ್ಚುಗೀಸಿನ ‘ಇಗ್ರೇಜ’ (ಚರ್ಚು) ಕರಾವಳಿ ಕನ್ನಡದಲ್ಲಿ ‘ಇಗರ್ಜಿ’ಯಾಗಿದೆ. ‘ಗ್ರ್’ ಸಂಯುಕ್ತದ ನಡುವೆ ಸ್ವರ ಸೇರಿ ರೇಫ ಸ್ಥಾನಾಂತರಗೊಂಡ ಈ ಕ್ರಮದಲ್ಲಿಯೇ ‘ಗ್ರನಾ-’ ಎಂಬುದು ‘ಗರ್ನಾ-’ ಆಗಬಲ್ಲದು. ಉಳಿಯುವ ತೊಡಕು ಕೊನೆಯ ವ್ಯಂಜನದ್ದು: ದಕಾರವು ಲಕಾರವಾಗುವುದು ಇಲ್ಲಿ ನಿಯತ ಧ್ವನಿಪರಿವರ್ತನೆಯಲ್ಲ. ಆಗಲೇ ರೂಢಿಯಲ್ಲಿದ್ದ ‘-ನಾಲ್’ ಅಂತ್ಯದ ಆಯುಧನಾಮಗಳ ಸಾದೃಶ್ಯವೇ ಇದಕ್ಕೆ ಕಾರಣವೆಂಬುದು ಈ ಲೇಖನದ ವಾದ.

ಅರ್ಥದ ಇತಿಹಾಸವೂ ಇದಕ್ಕೆ ಪೋಷಕವಾಗಿದೆ. ಲ್ಯಾಟಿನ್ನಿನ ‘ಗ್ರಾನುಮ್’ (ಬೀಜ) ಮೂಲದ ಸ್ಪ್ಯಾನಿಷ್ ‘ಗ್ರನಾದ’ ದಾಳಿಂಬೆಯೂ ಹೌದು, ಕೈಬಾಂಬೂ ಹೌದು. ಅರಬ್ಬಿಯ ‘ರುಮ್ಮಾನ’ದಲ್ಲಿಯೂ ಈ ಎರಡು ಅರ್ಥಗಳಿವೆ. ಪೋರ್ಚುಗೀಸಿನಲ್ಲಾದರೋ ದಾಳಿಂಬೆಯ ರೂಢಿಯ ಹೆಸರು ‘ರೊಮಾ’. ಆದ್ದರಿಂದ ಪದವು 1510ರ ತರುವಾಯ ಗೋವೆಯ ದಾರಿಯಾಗಿ ಬಂದಿದ್ದರೆ, ಹಣ್ಣಿನ ರೂಪಕವನ್ನು ಕಳಚಿಕೊಂಡೇ ಬಂದಿರಬೇಕು. ಹೀಗೆ ಪಾರದರ್ಶಕತೆ ಕಳೆದುಕೊಂಡ ಪದವೇ ಜನಪದ ನಿಷ್ಪತ್ತಿಗೆ ಸುಲಭವಾಗಿ ಒಳಗಾಗುತ್ತದೆ. ‘ಕೈಬಾಂಬು’, ‘ನಾಡಬಾಂಬು’ಗಳ ಅವಯವಗಳು ಸ್ಪಷ್ಟವಾಗಿರುವುದರಿಂದ ಅವುಗಳಿಗೆ ಈ ಗತಿ ಒದಗಲಿಲ್ಲ.

ಆದುದರಿಂದ ನಿಘಂಟುಕಾರರು ಎರಡು ಪಕ್ಷಗಳಲ್ಲಿ ಒಂದನ್ನು ತಳ್ಳಿಹಾಕಬೇಕಾಗಿಲ್ಲ. ‘ಗ್ರನಾದ’ವನ್ನು ಆಕರವೆಂದೂ ‘ನಾಳ’ವನ್ನು ರೂಪಸಂಸ್ಕಾರದ ನಿಮಿತ್ತವೆಂದೂ ಬೇರೆಬೇರೆಯಾಗಿ ದಾಖಲಿಸುವುದು ಯುಕ್ತ. ಪದದ ಇಂದಿನ ರೂಪವನ್ನು ಬಿಡಿಸಿದಾಗ ದೊರೆಯುವುದೆಲ್ಲ ಅದರ ಮೂಲವಾಗಬೇಕೆಂದಿಲ್ಲ.