ಸ್ಕಿಜೋಫ್ರೇನಿಯಾದಲ್ಲಿ ಭಾವನೆಗಳು

ಸ್ಕಿಜೋಫ್ರೇನಿಯಾ ತೀವ್ರ ಸ್ವರೂಪದ ಮನೋರೋಗ. ಕನ್ನಡದ ವೈದ್ಯ ಬರಹಗಳಲ್ಲಿ ಇದನ್ನು ಇಚ್ಚಿತ್ತ ವಿಕಲತೆ ಎಂದೂ ಕರೆಯುತ್ತಾರೆ. ಇಲ್ಲದ ದನಿ ಕೇಳಿಸುವುದು, ಬುಡವಿಲ್ಲದ ಸಂಶಯ ಇವು ಸುತ್ತಲಿನವರ ಗಮನಕ್ಕೆ ಬೇಗ ಬರುತ್ತವೆ. ಭಾವನೆಗಳಲ್ಲಾಗುವ ಏರುಪೇರು ಹಾಗಲ್ಲ. ಮನೆಯವರಿಗೆ ಅದು ಸೊಕ್ಕಿನಂತೆಯೋ ಮೈಗಳ್ಳತನದಂತೆಯೋ ತೋರುತ್ತದೆ.

ಈ ರೋಗಕ್ಕೆ ಹೆಸರಿಟ್ಟ ಸ್ವಿಸ್ ವೈದ್ಯ ಯೂಜೆನ್ ಬ್ಲಾಯ್ಲರ್ 1911ರ ತಮ್ಮ ಗ್ರಂಥದಲ್ಲಿ ಭಾವವಿಕಾರವನ್ನು ಮೂಲ ಲಕ್ಷಣಗಳಲ್ಲೇ ಸೇರಿಸಿದ್ದರು. ಮುಖದಲ್ಲಿ ಭಾವವಿಲ್ಲದವರಿಗೆ ಒಳಗೂ ಭಾವವಿಲ್ಲ ಎಂಬ ತಿಳಿವಳಿಕೆ ಬಹುಕಾಲ ಉಳಿಯಿತು. ಅದನ್ನು ಅಲುಗಿಸಿದ್ದು 1990ರ ದಶಕದಲ್ಲಿ ಅಮೆರಿಕದ ಆನ್ ಕ್ರಿಂಗ್ ಮತ್ತು ಜಾನ್ ನೀಲ್ ನಡೆಸಿದ ಪ್ರಯೋಗಗಳು. ಸಿನಿಮಾ ತುಣುಕುಗಳನ್ನು ನೋಡುವಾಗ ರೋಗಿಗಳ ಮುಖ ಅಷ್ಟಾಗಿ ಕದಲಲಿಲ್ಲ. ಆದರೆ ಏನನ್ನಿಸಿತೆಂದು ಕೇಳಿದಾಗ ಅವರು ಹೇಳಿದ ಸಂತೋಷ, ಭಯ, ದುಃಖ ರೋಗವಿಲ್ಲದವರದಕ್ಕಿಂತ ಕಡಿಮೆಯಿರಲಿಲ್ಲ. ಭಾವೋದ್ವೇಗದಲ್ಲಿ ಏರುವ ಚರ್ಮದ ವಿದ್ಯುತ್ ವಾಹಕತೆಯ ಅಳತೆಯೂ ಅದನ್ನೇ ತೋರಿಸಿತು. ಮುಂದಿನ ಅಧ್ಯಯನಗಳ ಪ್ರಕಾರ ಕೊರತೆ ಹೆಚ್ಚಾಗಿ ಕಾಣುವುದು ಬರಲಿರುವ ಸುಖವನ್ನು ನೆನೆದು ಹುರುಪುಗೊಳ್ಳುವುದರಲ್ಲಿ. ಕೈಗೆ ಕೊಟ್ಟ ಹೋಳಿಗೆಯನ್ನು ಸವಿಯುವಾತನೇ ನಾಳೆ ಹಬ್ಬವೆಂದರೆ ಎದ್ದು ಸ್ನಾನಕ್ಕೂ ಹೋಗದಿರಬಹುದು.

ಮಂಕು ಮುಖವೆಲ್ಲ ರೋಗದ್ದೇ ಅಲ್ಲ. ಹ್ಯಾಲೊಪೆರಿಡಾಲ್‌ನಂಥ ಹಳೆಯ ಔಷಧಗಳು ಮುಖದ ಸ್ನಾಯುಗಳನ್ನು ಬಿಗಿಯಾಗಿಸಬಹುದು. ಜೊತೆಗೆ ಖಿನ್ನತೆಯೂ ಸೇರಿಕೊಂಡಿರಬಹುದು. ಕಾರಣ ಯಾವುದೆಂದು ವೈದ್ಯರೇ ಹೇಳಬೇಕು. ಮಾತ್ರೆಯನ್ನು ತಾವಾಗಿಯೇ ಬಿಡುವುದು ಅಪಾಯ.

ಇತರರ ಭಾವವನ್ನು ಗುರುತಿಸುವುದು ಇನ್ನೊಂದು ತೊಡಕು. ಭಯ, ಸಿಟ್ಟು, ಜಿಗುಪ್ಸೆಗಳನ್ನು ಬೇರ್ಪಡಿಸುವುದು ಕಷ್ಟವಾಗುತ್ತದೆ. ಯಾವ ಭಾವವೂ ಇಲ್ಲದ ಮುಖದಲ್ಲೂ ಕೆಲವರಿಗೆ ಹಗೆ ಕಾಣುತ್ತದೆ. ಕರ್ನಾಟಕದ ಗಡಿಗೆ ಹೊಂದಿದ ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕಿನ ಗುಡ್ಡಾಪುರದಲ್ಲಿ ದಾನಮ್ಮ ದೇವಿಯ ಜಾತ್ರೆಯ ಗದ್ದಲದ ನಡುವೆ ಯಾರೋ ಸುಮ್ಮನೆ ತಿರುಗಿ ನೋಡಿದರೂ ಸಂಶಯಪೀಡಿತನಿಗೆ ಅದು ಬೆದರಿಕೆ. ಭಾವ ಗುರುತಿಸುವ ಈ ಶಕ್ತಿಯನ್ನು ಅಳೆಯಲು ಪಾಶ್ಚಾತ್ಯರ ಭಾವಚಿತ್ರಗಳು ನಮ್ಮವರಿಗೆ ಹೊಂದುವುದಿಲ್ಲವೆಂದು ಬೆಂಗಳೂರಿನ ಮನೋವೈದ್ಯಕೀಯ ಸಂಸ್ಥೆ ನಿಮ್ಹಾನ್ಸ್‌ನ ಸಂಶೋಧಕರು ಭಾರತೀಯ ನಟರ ಚಿತ್ರ ಮತ್ತು ವಿಡಿಯೊಗಳಿಂದ ‘ಟ್ರೆಂಡ್ಸ್’ ಎಂಬ ಸಾಧನವನ್ನು ರೂಪಿಸಿ 2008ರಲ್ಲಿ ಪ್ರಕಟಿಸಿದರು. ಔಷಧದ ಜೊತೆಗೆ ಯೋಗ ಮಾಡಿದವರಲ್ಲಿ ಮುಖಭಾವ ಗುರುತಿಸುವ ಶಕ್ತಿ ಸುಧಾರಿಸಿತೆಂದು ಅಲ್ಲಿಯದೇ 2011ರ ವರದಿ ಹೇಳುತ್ತದೆ.

ಮನೆಯ ವಾತಾವರಣದ ಪ್ರಭಾವವೂ ದೊಡ್ಡದು. ಸದಾ ಟೀಕೆ, ಹಗೆ ಅಥವಾ ಅತಿಯಾದ ಮುಚ್ಚಟೆ ಇರುವ ಮನೆಗಳಲ್ಲಿ ರೋಗ ಮರುಕಳಿಸುವುದು ಹೆಚ್ಚೆಂದು ಲಂಡನ್ನಿನಲ್ಲಿ ಜಾರ್ಜ್ ಬ್ರೌನ್ ಮತ್ತು ಸಂಗಡಿಗರು ತೋರಿಸಿದರು. 1987ರಲ್ಲಿ ಪ್ರಕಟವಾದ ಚಂಡೀಗಢದ ಅಧ್ಯಯನದಲ್ಲಿ ಭಾರತೀಯ ಕುಟುಂಬಗಳ ಟೀಕೆ ಲಂಡನ್ನಿನವರಿಗಿಂತ ಕಡಿಮೆಯಿತ್ತು. ಆದರೂ “ಉಣ್ಣೂದು, ಮಲಗೂದು, ಮತ್ತೇನ್ ದಗದ ಐತಿ ನಿನಗ?” ಎಂಬ ಮಾತು ಗಡಿಭಾಗದ ಮನೆಗಳಿಗೆ ಹೊಸದೇನಲ್ಲ. ನಿರ್ಭಾವ ಮುಖದಿಂದ ಕೇಳಿಸಿಕೊಂಡವನಿಗೂ ಅದು ನಾಟುತ್ತದೆ.

ಇದೇ ಗಡಿಭಾಗದ ಜತ್ತ ತಾಲ್ಲೂಕಿನ ಎಷ್ಟೋ ಹಳ್ಳಿಗಳಲ್ಲಿ ಮನೆಮಾತು ಕನ್ನಡ, ಸರ್ಕಾರಿ ವ್ಯವಹಾರ ಮರಾಠಿ. ಮರಾಠಿ ಬಲ್ಲವರೂ “ಎದಿ ಧಸಕ್ ಅಂತೈತಿ”, “ಜೀವಕ್ಕ ಸಮಾಧಾನ ಇಲ್ಲ” ಎಂಬುದನ್ನು ಕನ್ನಡದಲ್ಲೇ ಹೇಳಿಕೊಳ್ಳುತ್ತಾರೆ. ಮುಖ ಹೆಚ್ಚೇನನ್ನೂ ತೋರಿಸದ ಈ ರೋಗದಲ್ಲಿ ವೈದ್ಯರಿಗೆ ಮಾತೇ ಮುಖ್ಯ ಆಧಾರವಾದ್ದರಿಂದ, ರೋಗಿಯ ಭಾಷೆ ತಿಳಿದವರು ಜೊತೆಗಿರುವುದು ಮೇಲು. ಧಾರವಾಡದ ಡಿಮ್ಹಾನ್ಸ್ ಈ ಭಾಗದವರಿಗೆ ಕನ್ನಡದಲ್ಲಿ ಚಿಕಿತ್ಸೆ ಸಿಗುವ ದೊಡ್ಡ ಮನೋವೈದ್ಯಕೀಯ ಸಂಸ್ಥೆ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಎಂಬ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿಯಲ್ಲಿ (14416) ಕರೆ ಮಾಡುವವರು ಭಾಷೆಯನ್ನು ಆರಿಸಿಕೊಳ್ಳಬಹುದು.