ಪದ ಒಂದು, ಧಾಟಿ ಎರಡು: ಗಾಯನಭೇದಗಳ ಗಣಕ ಪತ್ತೆ ಮತ್ತು ನಾಡಗೀತೆ

ಒಂದೇ ಕೃತಿಯ ಬೇರೆ ಬೇರೆ ಗಾಯನಗಳನ್ನು ಕಂಪ್ಯೂಟರ್ ಗುರುತಿಸಬೇಕಾದರೆ, ‘ಒಂದೇ’ ಎನ್ನುವುದು ಸಾಹಿತ್ಯಕ್ಕೋ ಧಾಟಿಗೋ ಎಂಬುದು ಮೊದಲು ತೀರ್ಮಾನವಾಗಬೇಕು. ಇದಕ್ಕೆ ನಾಡಗೀತೆ ತಕ್ಕ ಉದಾಹರಣೆ. 2004ರಲ್ಲಿ ನಾಡಗೀತೆಯಾದ ಕುವೆಂಪು ಅವರ ಕವಿತೆಯನ್ನು ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್ ಇಬ್ಬರ ಧಾಟಿಯಲ್ಲೂ ಹಾಡುತ್ತಿದ್ದರು. ಆಲಾಪ, ಪುನರಾವರ್ತನೆ ಇಲ್ಲದೆ ಅನಂತಸ್ವಾಮಿಯವರ ಧಾಟಿಯಲ್ಲಿ 2 ನಿಮಿಷ 30 ಸೆಕೆಂಡಿನಲ್ಲಿ ಹಾಡಬೇಕೆಂದು ಸರ್ಕಾರ 2022ರಲ್ಲಿ ಆದೇಶಿಸಿತು. 2024ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು.

ಶಜಾಮ್‌ನಂಥ ತಂತ್ರಾಂಶ ಇಲ್ಲಿ ನೆರವಿಗೆ ಬಾರದು. ಅದು ಹಿಡಿಯುವುದು ಧ್ವನಿಮುದ್ರಿಕೆಯ ಬೆರಳಚ್ಚನ್ನು. ಅದೇ ಗಾಯಕರು ಮತ್ತೊಮ್ಮೆ ಹಾಡಿದರೂ ಗುರುತು ತಪ್ಪಬಹುದು. ಗಾಯನಭೇದದ ಪತ್ತೆಗೆ ಬಳಕೆಯಲ್ಲಿರುವುದು ಕ್ರೋಮಾ ವಿಧಾನ. ಹಾಡನ್ನು ಸೆಕೆಂಡಿಗಿಂತ ಸಣ್ಣ ತುಣುಕುಗಳಾಗಿ ಕತ್ತರಿಸಿ, ಪ್ರತಿ ತುಣುಕಿನ ನಾದವನ್ನು ಸ್ಥಾಯಿಭೇದ ಎಣಿಸದೆ 12 ಸ್ವರಸ್ಥಾನಗಳಿಗೆ ಹಂಚುತ್ತಾರೆ. ಎರಡು ಗಾಯನಗಳ ತುಣುಕುಗಳನ್ನು ಚೌಕುಳಿ ಕೋಷ್ಟಕದಲ್ಲಿ ಎದುರುಬದುರು ಇಟ್ಟಾಗ ಹೊಂದುವ ಭಾಗ ಓರೆಗೆರೆಯಾಗಿ ಮೂಡುತ್ತದೆ. ಕಾಲ ಬದಲಾದರೆ ಗೆರೆ ಬಾಗುತ್ತದೆ; ಪಲ್ಲವಿ ಮರುಕಳಿಸಿದರೆ ಪಕ್ಕದಲ್ಲೇ ಇನ್ನೊಂದು ಗೆರೆ. 2008ರಲ್ಲಿ ಬಾರ್ಸಿಲೋನಾದ ಜುವಾನ್ ಸೆರ್ರಾ ಮತ್ತು ಸಂಗಡಿಗರು ಈ ಹೊಂದಿಕೆಯನ್ನು ಅಳೆಯಲು, ಪ್ರೋಟೀನ್ ಸರಣಿಗಳನ್ನು ಹೋಲಿಸುವ ಜೀವವಿಜ್ಞಾನದ ಲೆಕ್ಕವನ್ನೇ ತಂದುಕೊಂಡರು.

ತುಮಕೂರು ರಸ್ತೆಯ ಮಾಕಳಿಯಲ್ಲಿ ಶಾಲೆಯ ಮಕ್ಕಳು ಬೆಳಗ್ಗೆ ಸಾಲಾಗಿ ನಿಂತು ನಾಡಗೀತೆ ಹಾಡುವುದನ್ನು ಮುದ್ರಿಸಿಕೊಂಡೆವು ಎನ್ನೋಣ. ಶ್ರುತಿಪೆಟ್ಟಿಗೆ ಇಲ್ಲ, ಹಿಡಿದ ಷಡ್ಜ ಅನಂತಸ್ವಾಮಿಯವರದಲ್ಲ. ಸ್ವರಸ್ಥಾನಗಳನ್ನು ಒಂದೊಂದಾಗಿ 12 ಸಲ ಸರಿಸಿ ನೋಡಿದರೆ ಆ ವ್ಯತ್ಯಾಸ ಬಹುಮಟ್ಟಿಗೆ ಕಳೆಯುತ್ತದೆ. ಆದರೆ ಹಾಡುತ್ತ ಹಾಡುತ್ತ ಷಡ್ಜವೇ ಜಾರಿದರೆ ಅಷ್ಟು ಸಾಲದು. ಚರಣಕ್ಕೊಮ್ಮೆ ಷಡ್ಜವನ್ನು ಹೊಸದಾಗಿ ಗೊತ್ತುಮಾಡಬೇಕು.

ನಿಜವಾದ ತೊಡಕು ಇರುವುದು ಇದರ ಮುಂದೆ. ಇದೇ ಮುದ್ರಣದ ಎದುರು ಅಶ್ವತ್ಥ್ ಧಾಟಿಯ ಗಾಯನವನ್ನಿಟ್ಟರೆ ಉದ್ದನೆಯ ಓರೆಗೆರೆ ಮೂಡಲು ಕಾರಣವೇ ಇಲ್ಲ. ಯಂತ್ರ ‘ಬೇರೆ ಹಾಡು’ ಎನ್ನುತ್ತದೆ. ಕೇಳುವವರು ‘ಅದೇ ಹಾಡು’ ಎನ್ನುತ್ತಾರೆ. ಎರಡೂ ಸರಿಯೇ. ಪದ ಕವಿಯದು, ಧಾಟಿ ಸಂಯೋಜಕರದು ಎಂಬುದು ಸುಗಮ ಸಂಗೀತದ ವಾಡಿಕೆ. ದಾಸರ ಪದಗಳಲ್ಲೂ ಸಾಹಿತ್ಯ ಉಳಿದು, ಎಷ್ಟೋ ಪದಗಳ ಮೂಲ ಮಟ್ಟು ಮರೆಯಾಗಿದೆ. ಒಂದೇ ದೇವರನಾಮ ಒಬ್ಬೊಬ್ಬರ ಬಾಯಲ್ಲಿ ಒಂದೊಂದು ರಾಗ ತಳೆಯುತ್ತದೆ.

ಆದ್ದರಿಂದ ಕನ್ನಡ ಗಾಯನಕ್ಕೆ ಒಂದೇ ಅಂಕ ಸಲ್ಲದು. ಮಾತಿನ ಹೋಲಿಕೆಗೆ ಒಂದು, ಸ್ವರದ ಹೋಲಿಕೆಗೆ ಇನ್ನೊಂದು ಬೇಕು. ಎರಡೂ ಹೊಂದಿದರೆ ಗಾಯನಭೇದ; ಮಾತು ಮಾತ್ರ ಹೊಂದಿದರೆ ಧಾಟಿಭೇದ; ಸ್ವರ ಮಾತ್ರ ಹೊಂದಿದರೆ ಒಂದೇ ಮಟ್ಟಿನ ಬೇರೆ ಪದ. ಈ ಮೂರನ್ನೂ ಕಲಸಿ ‘ಹೌದು’ ಅಥವಾ ‘ಅಲ್ಲ’ ಎಂದಷ್ಟೇ ಹೇಳುವ ತಂತ್ರಾಂಶ ನಮ್ಮ ಹಾಡನ್ನು ಅರೆಗಿವಿಯಲ್ಲಿ ಕೇಳಿದಂತೆಯೇ ಸರಿ.